ಔಂಡಲ್ ಶಾಲೆಯ ಸ್ಯಾಂಡರ್ಸನ್

ಇಂಗ್ಲೆಂಡ್ ದೇಶದ ನಾರ್ತಾಂಪ್ಟನ್ ಪ್ರಾಂತದಲ್ಲಿ, ನೆನ್ ಎಂಬ ನದಿಯ ತೀರದಲ್ಲಿ ಔಂಡಲ್ ಎಂಬ ಸಣ್ಣ ಊರುಂಟು. ಲಂಡನ್ನಿನ ದಿನಸಿ ವರ್ತಕರ ಸಂಘಕ್ಕೆ ಸೇರಿದ ಸರ್ ವಿಲಿಯಂ ಲ್ಯಾಕ್ಸ್‌ಟನ್ ಎಂಬ ಶ್ರೀಮಂತನು 1556ರಲ್ಲಿ ತೀರಿಕೊಳ್ಳುವಾಗ ಬಿಟ್ಟ ಆಸ್ತಿಯಿಂದ ಅಲ್ಲಿ ಒಂದು ಪಾಠಶಾಲೆಯು ನಡೆದು ಬಂದಿತು. ಮೂರು ಶತಮಾನಗಳಿಗೂ ಮೇಲ್ಪಟ್ಟು ಅದು ಲ್ಯಾಟಿನ್ ಗ್ರೀಕ್ ಭಾಷೆಗಳ ವ್ಯಾಕರಣವನ್ನು ಉರುಹೊಡೆಸುತ್ತಿದ್ದ ಹಲವು ಶಾಲೆಗಳಲ್ಲಿ ಒಂದಾಗಿತ್ತೇ ಹೊರತು ಬೇರೆ ಪ್ರಖ್ಯಾತಿಯನ್ನು ಪಡೆದಿರಲಿಲ್ಲ. 1892ರ ವೇಳೆಗೆ ಹುಡುಗರ ಸಂಖ್ಯೆಯು ನೂರಕ್ಕೂ ಕಡಮೆಯಾಗಿತ್ತು. ಶಾಲೆಯನ್ನು ಉಳಿಸುವ ಬಗೆ ಹೇಗೆಂದು ಯೋಚಿಸಿದ ವರ್ತಕರ ಸಂಘದವರು ಫ್ರೆಡರಿಕ್ ವಿಲಿಯಂ ಸ್ಯಾಂಡರ್ಸನ್ ಎಂಬಾತನನ್ನು ಮುಖ್ಯೋಪಾಧ್ಯಾಯನನ್ನಾಗಿ ನಿಯಮಿಸಿದರು.

ಈತನು 1857ರಲ್ಲಿ ಡರ್ಹಾಂ ಪ್ರಾಂತದ ಬ್ರಾನ್ಸ್‌ಪೆತ್ ಎಂಬ ಗ್ರಾಮದಲ್ಲಿ ಹುಟ್ಟಿದವನು. ಹಳ್ಳಿಯ ಶಾಲೆಯಲ್ಲಿ ಕಲಿತು, ಅಲ್ಲಿಯೇ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತ ಓದನ್ನು ಮುಂದುವರಿಸಿ, ಡರ್ಹಾಮಿನಲ್ಲಿಯೂ ಬಳಿಕ ಕೇಂಬ್ರಿಜ್ಜಿನಲ್ಲಿಯೂ ವ್ಯಾಸಂಗ ಮಾಡಿ ಗಣಿತದಲ್ಲಿ ಉನ್ನತ ಶ್ರೇಣಿಯನ್ನು ಪಡೆದನು. 1885ರಿಂದ ಲಂಡನ್ನಿನ ಬಳಿಯ ಡಲ್ವಿಚ್ ಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸಿ, ಯಂತ್ರಶಾಸ್ತ್ರಕ್ಕೆ ಅಲ್ಲಿ ಒಂದು ವಿಭಾಗವನ್ನೇ ಏರ್ಪಡಿಸಿದನು. ಅಂಥ ಶಾಲೆಗಳ ಮುಖ್ಯಸ್ಥರು ಬಹುಮಟ್ಟಿಗೆ ಪಾದ್ರಿಗಳೇ ಆಗಿರುತ್ತಿದ್ದ ಕಾಲವದು. ಸ್ಯಾಂಡರ್ಸನ್ ಪಾದ್ರಿಯಲ್ಲ, ದೊಡ್ಡ ಮನೆತನದವನೂ ಅಲ್ಲ. ಔಂಡಲ್ಲಿನ ಹಳೆಯ ಉಪಾಧ್ಯಾಯರೂ ಹುಡುಗರೂ ಆತನನ್ನು ಮೊದಲು ಕೆಲವು ವರ್ಷ ಸಹಿಸಲಿಲ್ಲ. ಆತನೂ ಶಾಂತಮೂರ್ತಿಯಾಗಿರಲಿಲ್ಲ. ಆರಂಭದ ದಿನಗಳಲ್ಲಿ ಕೋಪಕ್ಕೂ ಬೆತ್ತಕ್ಕೂ ಕೊರತೆಯಿರಲಿಲ್ಲವೆಂದು ಆತನನ್ನು ಮೆಚ್ಚಿ ಬರೆದವರೇ ಒಪ್ಪಿಕೊಂಡಿದ್ದಾರೆ.

ಆದರೆ ಭಾಷಾಪಾಠಗಳಲ್ಲಿ ದಡ್ಡರೆನಿಸಿಕೊಂಡು ತರಗತಿಯ ಮೂಲೆಯಲ್ಲಿ ಕುಳಿತಿದ್ದ ಹುಡುಗರು ಕೈಗೆ ಉಪಕರಣವನ್ನು ಕೊಟ್ಟೊಡನೆ ಚುರುಕಾದುದನ್ನು ಆತನು ಕಂಡನು. ಆ ಕಾಣ್ಕೆಯ ಮೇಲೆಯೇ ತನ್ನ ಶಾಲೆಯನ್ನು ಕಟ್ಟಿದನು. ಪ್ರಯೋಗಶಾಲೆಗಳು, ಮರಗೆಲಸದ ಮನೆ, ಕಮ್ಮಟ, ಎರಕದ ಮನೆ, ಯಂತ್ರಾಗಾರ, ನಕ್ಷತ್ರವೀಕ್ಷಣಾಲಯ, ಬೇಸಾಯದ ಪ್ರಯೋಗಭೂಮಿ, ಇವೆಲ್ಲವೂ ಒಂದರ ಹಿಂದೊಂದು ಹುಟ್ಟಿಕೊಂಡುವು. ಪ್ರತಿಯೊಂದು ತರಗತಿಯೂ ಆಗಾಗ ಪುಸ್ತಕಗಳನ್ನು ಬದಿಗಿಟ್ಟು ಒಂದು ವಾರ ಪೂರ್ತಿಯಾಗಿ ಯಂತ್ರಾಗಾರದಲ್ಲಿಯೇ ದುಡಿಯುತ್ತಿತ್ತು. ಅಲ್ಲಿ ಮಾಡುತ್ತಿದ್ದುದು ಆಟದ ಸಾಮಾನುಗಳನ್ನಲ್ಲ, ನಿಜವಾಗಿ ಓಡತಕ್ಕ ಯಂತ್ರಗಳನ್ನು.

ಪ್ರಯೋಗಶಾಲೆಯ ಬಾಗಿಲಿಗೆ ಆತನು ಬೀಗ ಹಾಕಗೊಡುತ್ತಿರಲಿಲ್ಲ. ಅತ್ಯಂತ ಅಪಾಯಕರವಾದ ರಾಸಾಯನಿಕಗಳನ್ನು ಮಾತ್ರ ಭದ್ರಪಡಿಸಿ, ಉಳಿದುದೆಲ್ಲವನ್ನೂ ಹುಡುಗರ ಕೈಗೆಟಕುವಂತೆ ಇಡಿಸಿದ್ದನು. ಪಾಠದ ವೇಳೆ ಮುಗಿದ ಮೇಲೆ ಯಾವನಾದರೂ ಹುಡುಗನು ತನಗೆ ತೋರಿದ ಪ್ರಶ್ನೆಯನ್ನು ಹಿಡಿದು ಅಲ್ಲಿ ಒಬ್ಬನೇ ಕೆಲಸಮಾಡಬಹುದಾಗಿತ್ತು. ಇದರಿಂದ ಕೆಲವು ಉಪಾಧ್ಯಾಯರ ಎದೆ ನಡುಗುತ್ತಿತ್ತೆಂದರೆ ಆಶ್ಚರ್ಯವಿಲ್ಲ. ಗ್ರಂಥಾಲಯಕ್ಕೂ ಇದೇ ಕಟ್ಟಳೆ. ಹಾಳಾದ ಪುಸ್ತಕಕ್ಕಿಂತ ಓದದೆ ಧೂಳು ಹಿಡಿದ ಪುಸ್ತಕವೇ ದೊಡ್ಡ ನಷ್ಟವೆಂಬ ಭಾವದಿಂದಲೇ ಆತನು ನಡೆದುಕೊಂಡಂತೆ ಕಾಣುತ್ತದೆ.

ವರ್ಷಕ್ಕೊಮ್ಮೆ ಕಾನ್ವರ್ಸಾಜಿಯೋನಿ ಎಂಬ ಇಟಲಿಯ ಹೆಸರಿನ ಒಂದು ಉತ್ಸವವು ಜರುಗುತ್ತಿತ್ತು. ಅದಕ್ಕೆ ತಿಂಗಳುಗಟ್ಟಲೆ ಮುಂಚಿನಿಂದ ಹುಡುಗರು ಗುಂಪುಗುಂಪಾಗಿ ಸಿದ್ಧರಾಗುವರು. ಒಂದು ಗುಂಪು ವಿದ್ಯುತ್ತಿನ ಪ್ರಯೋಗಗಳನ್ನು ಕೈಕೊಂಡರೆ ಇನ್ನೊಂದು ಸಸ್ಯಗಳನ್ನೋ ಕೀಟಗಳನ್ನೋ ಶೋಧಿಸುವುದು. ಆ ದಿನ ಬಂದ ತಾಯಿತಂದೆಗಳಿಗೆ ಹುಡುಗರೇ ತೋರಿಸಿ ವಿವರಿಸುವರು. ಇಲ್ಲಿ ಗಮನಿಸತಕ್ಕದ್ದು ಬಹುಮಾನದ ಸಂಗತಿ. ಒಬ್ಬನು ಮತ್ತೊಬ್ಬನನ್ನು ಹಿಂದೆ ಹಾಕುವುದರಲ್ಲಿ ಸ್ಯಾಂಡರ್ಸನ್ನನಿಗೆ ನಂಬಿಕೆಯಿರಲಿಲ್ಲ. ಒಂದು ದೊಡ್ಡ ಕೆಲಸದ ಒಂದೊಂದು ತುಂಡನ್ನು ಒಬ್ಬೊಬ್ಬನಿಗೆ ವಹಿಸಿ, ಅತ್ಯಂತ ಮಂದನ ಪಾಲೂ ಇಲ್ಲದಿದ್ದರೆ ಕೆಲಸವು ಪೂರ್ತಿಯಾಗದಂತೆ ಮಾಡುವುದೇ ಆತನ ಪದ್ಧತಿ. ಚರಿತ್ರೆಯ ಪಾಠಕ್ಕೂ ಷೇಕ್ಸ್‌ಪಿಯರನ ನಾಟಕಕ್ಕೂ ಇದೇ ಕ್ರಮವನ್ನು ಅನುಸರಿಸಿದನು. ಒಂದೇ ಪಾತ್ರಕ್ಕೆ ಇಬ್ಬರು ಮೂವರು ನಟರಿರುತ್ತಿದ್ದರು. ರಂಗದ ಮೇಲೆ ಇದು ಹೇಗೆ ಕಂಡಿತೋ, ತರಗತಿಯಲ್ಲಿ ಸುಮ್ಮನೆ ನೋಡುತ್ತ ಕೂರುವವರು ಮಾತ್ರ ಉಳಿಯಲಿಲ್ಲ.

1914ರಲ್ಲಿ ಯುದ್ಧವು ಆರಂಭವಾಯಿತು. ಸೃಷ್ಟಿಕಾರ್ಯಕ್ಕೆಂದು ಕಟ್ಟಿದ ಯಂತ್ರಾಗಾರದಲ್ಲಿ ಹುಡುಗರು ಯುದ್ಧಸಾಮಗ್ರಿಯ ಭಾಗಗಳನ್ನು ಕಡೆಯತೊಡಗಿದರು. ಶಾಲೆ ಬಿಟ್ಟ ತರುಣರು ರಣರಂಗಕ್ಕೆ ಹೋದರು, ಅನೇಕರು ಹಿಂದಿರುಗಲಿಲ್ಲ. 1918ರಲ್ಲಿ ಸ್ಯಾಂಡರ್ಸನ್ನನ ಮಗ ರಾಯ್ ಎಂಬವನೂ ಮಡಿದನು. ವಿಜ್ಞಾನವು ಯಾರ ಸೇವೆಗೆ ಎಂಬ ಪ್ರಶ್ನೆಯು ಅಂದಿನಿಂದ ಆತನನ್ನು ಬಿಡಲಿಲ್ಲ. ನೌಕಾನಿರ್ಮಾಣದಲ್ಲಿ ಹೆಸರಾದ ಸರ್ ಆಲ್ಫ್ರೆಡ್ ಯ್ಯಾರೋ ಎಂಬವನ ಮಗನೂ ಇದೇ ಶಾಲೆಯಲ್ಲಿ ಓದಿ ಯುದ್ಧದಲ್ಲಿ ಸತ್ತಿದ್ದನು. ಅವನ ನೆನಪಿಗಾಗಿ ತಂದೆ ಕೊಟ್ಟ ಹಣದಿಂದ, ಮಾನವಕುಲವು ನಡೆದುಬಂದ ದಾರಿಯನ್ನು ಹುಡುಗರೇ ಶೋಧಿಸಿ ಚಿತ್ರಿಸಿಡುವ ಒಂದು ಮಂದಿರವನ್ನು ಸ್ಯಾಂಡರ್ಸನ್ ಕಟ್ಟಿಸತೊಡಗಿದನು.

1922ನೆಯ ಜೂನ್ 15ರಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಜ್ಞಾನ ಕಾರ್ಯಕರ್ತರ ಸಂಘದೆದುರು ಆತನು ಈ ಪ್ರಶ್ನೆಯನ್ನೇ ಕುರಿತು ಭಾಷಣಮಾಡಿದನು. ಅಧ್ಯಕ್ಷಪೀಠದಲ್ಲಿದ್ದವನು ಪ್ರಸಿದ್ಧ ಲೇಖಕ ಎಚ್. ಜಿ. ವೆಲ್ಸ್, ಅವನ ಮಕ್ಕಳೂ ಔಂಡಲ್ಲಿನಲ್ಲಿಯೇ ಓದಿದವರು. ಭಾಷಣವು ಮುಗಿದು ಸಭಿಕರ ಪ್ರಶ್ನೆಗಳು ಆರಂಭವಾಗುವಷ್ಟರಲ್ಲಿ ಸ್ಯಾಂಡರ್ಸನ್ ವೇದಿಕೆಯ ಮೇಲೆಯೇ ಕುಸಿದು ಪ್ರಾಣಬಿಟ್ಟನು. ಆಗ ಶಾಲೆಯಲ್ಲಿ ಐನೂರಕ್ಕೂ ಮಿಕ್ಕ ಹುಡುಗರಿದ್ದರು. ಮುಂದೆ ಚೀನಾದೇಶದ ವಿಜ್ಞಾನದ ಬೃಹಚ್ಚರಿತ್ರೆಯನ್ನು ಬರೆದ ಜೋಸೆಫ್ ನೀಡಂ ಆತನ ಶಿಷ್ಯರಲ್ಲೊಬ್ಬನು.

ಸ್ಯಾಂಡರ್ಸನ್ನನ ಅಧಿಕೃತ ಚರಿತ್ರೆಯ ಕಾರ್ಯವನ್ನು ಮೊದಲು ವೆಲ್ಸನು ವಹಿಸಿಕೊಂಡಿದ್ದನು. ಆದರೆ ಗುರುವಿನ ಪತ್ನಿಯೊಡನೆ ಭಿನ್ನಾಭಿಪ್ರಾಯವುಂಟಾಗಿ ಅದನ್ನು ಬಿಟ್ಟು, 1924ರಲ್ಲಿ ತನ್ನದೇ ಪುಸ್ತಕವನ್ನು ಪ್ರಕಟಿಸಿದನು. ಮೆಚ್ಚುಗೆಯೂ ಮುನಿಸೂ ಬೆರೆತ ಪುಸ್ತಕವದು. ಆ ಸ್ಮಾರಕಮಂದಿರದ ಮಾತು ಅದರಲ್ಲಿಯೂ ಬರುತ್ತದೆ. ಕಟ್ಟಡವು ನಿಂತಿತು, ಸ್ಯಾಂಡರ್ಸನ್ ಎಣಿಸಿದ್ದ ಸಂಗ್ರಹವು ಅದರೊಳಗೆ ನೆಲೆಗೊಳ್ಳುವ ಮೊದಲೇ ಆತನ ಕಾಲವು ಮುಗಿದುಹೋಗಿತ್ತು. ಯ್ಯಾರೋ ಎಂಬ ಹೆಸರನ್ನೇ ಹೊತ್ತ ಆ ಮನೆಯಲ್ಲಿ ಮುಂದೆ ಚಿತ್ರಕಲೆಯ ಪ್ರದರ್ಶನಗಳು ನಡೆದುವು.