ಮಕ್ಕಳ ಕ್ಲಿನಿಕ್ ನಡೆಸುವ ತರಬೇತಿ: ಪೋಷಕರು ಗಮನಿಸಬೇಕಾದ್ದು

ಎಂಬಿಬಿಎಸ್ ನಂತರ 3 ವರ್ಷದ ಎಂ.ಡಿ. ಮಾಡಿದ ವೈದ್ಯರು ಮಕ್ಕಳ ಕಾಯಿಲೆಗಳನ್ನು ಕಲಿತಿರುತ್ತಾರೆ. ಕ್ಲಿನಿಕ್ ನಡೆಸುವುದು ಬೇರೆಯೇ ಕಲಿಕೆ. ಅದರ ತರಬೇತಿ ನರ್ಸ್, ಕಾಂಪೌಂಡರ್, ರಿಸೆಪ್ಷನ್‌ನವರಿಗೂ ಬೇಕು. ತರಬೇತಿ ಆಗಿದೆಯೇ ಎಂಬುದು ನಿಮಗೂ ಗೊತ್ತಾಗುತ್ತದೆ.

ಮುಖ್ಯವಾದದ್ದು ತೂಕ. ಪ್ರತಿ ಭೇಟಿಯಲ್ಲೂ ಮಗುವನ್ನು ತೂಗಿ ಚೀಟಿಯಲ್ಲಿ ಬರೆಯಬೇಕು, ಏಕೆಂದರೆ ಔಷಧದ ಲೆಕ್ಕ ಅದರ ಮೇಲೆಯೇ. ಜ್ವರದ ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಸಾಮಾನ್ಯವಾಗಿ ಕಿಲೋಗೆ 15 ಮಿ.ಗ್ರಾಂ. ಅಂದರೆ 10 ಕಿಲೋ ಮಗುವಿಗೆ 150 ಮಿ.ಗ್ರಾಂ. 5 ಮಿ.ಲೀ.ಯಲ್ಲಿ 250 ಮಿ.ಗ್ರಾಂ ಇರುವ ಸಿರಪ್ ಆದರೆ 3 ಮಿ.ಲೀ.; 1 ಮಿ.ಲೀ.ಯಲ್ಲೇ 100 ಮಿ.ಗ್ರಾಂ ಇರುವ ಡ್ರಾಪ್ಸ್ ಆದರೆ 1.5 ಮಿ.ಲೀ. ಮಾತ್ರ. ಸಿರಪ್ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಔಷಧ ಎರಡು ಪಟ್ಟು. ಹೀಗೇ ಮತ್ತೆ ಮತ್ತೆ ಕೊಟ್ಟರೆ ಲಿವರ್‌ಗೆ ಅಪಾಯ. ಚೀಟಿಯಲ್ಲಿ ಬರೀ ‘ಒಂದು ಚಮಚ’ ಎಂದಿದ್ದರೆ ಒಪ್ಪಬೇಡಿ, ಮಿ.ಲೀ. ಮತ್ತು ಸ್ಟ್ರೆಂತ್ ಎರಡನ್ನೂ ಬರೆಸಿಕೊಳ್ಳಿ. ಅಂಗಡಿಯವರು ಬೇರೆ ಬ್ರ್ಯಾಂಡ್ ಕೊಟ್ಟರೆ ಲೇಬಲ್ ಮತ್ತೆ ಓದಿ.

ಲಸಿಕೆಯ ಫ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಕರೆಂಟ್ ಹೋದಾಗ ಏನು ಮಾಡುತ್ತೀರಿ ಎಂದು ಕೇಳಿ, ಸಂಕೋಚ ಬೇಡ.

ಇನ್ನು ಫೋನ್. 3 ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಎಂದಾಗ ತರಬೇತಾದವರು ‘ನಾಳೆ ಬನ್ನಿ’ ಎನ್ನುವುದಿಲ್ಲ. ಅಂದರೆ, ಕಾಯದೆ ಆಸ್ಪತ್ರೆಗೆ ಹೋಗಿ.