ಬಿಲ್ಡ್ ಸ್ವಯಂಚಾಲನೆ

ತಂತ್ರಾಂಶದ ಸೋರ್ಸ್ ಕೋಡನ್ನು ಕಂಪೈಲ್ ಮಾಡುವುದು, ಪರೀಕ್ಷಿಸುವುದು, ಬಿಡುಗಡೆಗೆ ಪ್ಯಾಕೇಜ್ ಸಿದ್ಧಪಡಿಸುವುದು ಮುಂತಾದ ಕೆಲಸಗಳನ್ನು ಸ್ಕ್ರಿಪ್ಟ್‌ಗೆ ಒಪ್ಪಿಸುವ ವಿಧಾನ. ಈ ಬಗೆಯ ಉಪಕರಣಗಳಲ್ಲಿ ಅತಿ ಪ್ರಸಿದ್ಧವಾದದ್ದು ಮೇಕ್. ಅದನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ರೂಪಿಸಿದರು. ಇದಕ್ಕಾಗಿ 2003ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಅವರಿಗೆ ಸಂದಿತು.

ಯಾವ ಕಡತ ಯಾವುದನ್ನು ಅವಲಂಬಿಸಿದೆ, ಅದನ್ನು ತಯಾರಿಸುವ ಆಜ್ಞೆ ಯಾವುದು ಎಂಬುದನ್ನು ಮೇಕ್‌ಫೈಲ್ ಎಂಬ ಕಡತದಲ್ಲಿ ಬರೆದಿಡಬೇಕು. ಮೇಕ್ ಕಡತಗಳು ಬದಲಾದ ಸಮಯವನ್ನು ಹೋಲಿಸಿ ನೋಡುತ್ತದೆ. ತಿದ್ದಿದ ಕಡತಕ್ಕೆ ಸಂಬಂಧಿಸಿದ ಭಾಗಗಳನ್ನಷ್ಟೇ ಮತ್ತೆ ತಯಾರಿಸಿ, ಉಳಿದವನ್ನು ಮುಟ್ಟದೆ ಬಿಡುತ್ತದೆ. ಇದರ ನಿಜವಾದ ಜಾಣತನ ಇರುವುದು ಇಲ್ಲೇ. ಮೇಕ್‌ಫೈಲ್‌ನಲ್ಲಿ ಆಜ್ಞೆಯ ಸಾಲು ಸಾಮಾನ್ಯವಾಗಿ ಟ್ಯಾಬ್‌ನಿಂದಲೇ ಶುರುವಾಗಬೇಕು. ಅಲ್ಲಿ ಬರೀ ಸ್ಪೇಸ್‌ಗಳಿದ್ದರೆ ಮೇಕ್ ದೋಷ ತೋರಿಸಿ ನಿಂತುಬಿಡುತ್ತದೆ. ಹೊಸಬರನ್ನು ಇಂದಿಗೂ ಕಾಡುವ ನಿಯಮವಿದು.

ಮುಂದೆ ಜಾವಾ ಭಾಷೆಗೆ ಆಂಟ್, ರೂಬಿ ಭಾಷೆಗೆ ರೇಕ್ ಎಂಬ ಇಂಥದೇ ಉಪಕರಣಗಳು ಬಂದವು.

ಕನ್ನಡಕ್ಕೂ ಮೇಕ್‌ನ ನಂಟಿದೆ. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟ್‌ಗಳು ಡೆಬಿಯನ್ ಲಿನಕ್ಸ್‌ನಲ್ಲಿ ಪ್ಯಾಕೇಜುಗಳಾಗಿ ಸಿಗುತ್ತವೆ. ಡೆಬಿಯನ್‌ನ ನೀತಿಯಂತೆ ಪ್ಯಾಕೇಜ್ ತಯಾರಿಯನ್ನು ನಡೆಸುವ ‘ರೂಲ್ಸ್’ ಕಡತ ಒಂದು ಮೇಕ್‌ಫೈಲ್ ಆಗಿರಲೇಬೇಕು. ಹಾಗಾಗಿ ಈ ಎರಡು ಕನ್ನಡ ಫಾಂಟ್‌ಗಳೂ ಡೆಬಿಯನ್ ಬಳಕೆದಾರರಿಗೆ ತಲುಪುವುದು ಮೇಕ್‌ನ ಮೂಲಕವೇ.