ಸಂಸ್ಕರಿಸಿದ ಒಳಚರಂಡಿ ಕೆಸರನ್ನು ಕೃಷಿ ಭೂಮಿಗೆ ಬಳಸುವ ಕುರಿತು ಮಾಹಿತಿ

ಒಳಚರಂಡಿ ನೀರಿನ ಸಂಸ್ಕರಣೆಯಲ್ಲಿ ಶೇಖರವಾಗುವ ಕೆಸರಿನಲ್ಲಿ ಸಾರಜನಕ, ರಂಜಕ ಹಾಗೂ ಸಾವಯವ ಅಂಶಗಳಿರುತ್ತವೆ. ಜೊತೆಗೆ ರೋಗಾಣುಗಳು, ಜಂತುಹುಳುವಿನ ಮೊಟ್ಟೆಗಳು ಮತ್ತು ಭಾರಲೋಹಗಳೂ ಇರಬಹುದು. ಸಮರ್ಪಕವಾಗಿ ಕಾಂಪೋಸ್ಟ್ ಮಾಡಿದಲ್ಲಿ ಶಾಖದಿಂದ ರೋಗಾಣುಗಳು ನಾಶವಾಗುತ್ತವೆ. ಲೋಹಗಳು ನಾಶವಾಗದೆ ಮಣ್ಣಿನಲ್ಲಿ ಸಂಚಯವಾಗುತ್ತವೆ. ಒಮ್ಮೆ ಸೇರಿದ ಲೋಹವನ್ನು ಜಮೀನಿನಿಂದ ತೆಗೆಯುವುದು ಅತಿ ಕಷ್ಟವಾದುದರಿಂದ ಬಳಕೆಗೆ ಮುನ್ನವೇ ಪರೀಕ್ಷೆ ಅವಶ್ಯಕ.

ಗರಿಷ್ಠ ಮಿತಿಗಳು: ರಸಗೊಬ್ಬರ ನಿಯಂತ್ರಣ ಆದೇಶ, 1985ರಲ್ಲಿ ನಗರ ಕಾಂಪೋಸ್ಟ್‌ಗೆ ನಿಗದಿಪಡಿಸಿದಂತೆ, ಪ್ರತಿ ಕಿಲೋಗ್ರಾಂ ಒಣ ತೂಕಕ್ಕೆ ಮಿಲಿಗ್ರಾಂಗಳಲ್ಲಿ:

ಕ್ಯಾಡ್ಮಿಯಂ – 5
ಆರ್ಸೆನಿಕ್ – 10
ಕ್ರೋಮಿಯಂ – 50
ನಿಕಲ್ – 50
ಸೀಸ – 100
ತಾಮ್ರ – 300
ಸತು – 1000
ಪಾದರಸ – 0.15

ರೈತರು ಗಮನಿಸಬೇಕಾದ ಅಂಶಗಳು:

1. ಶೌಚಗುಂಡಿಯಿಂದ ಟ್ಯಾಂಕರಿನಲ್ಲಿ ತಂದ ಹಸಿ ಕೆಸರನ್ನು ಜಮೀನಿಗೆ ಸುರಿಸಿಕೊಳ್ಳಬಾರದು.
2. ಸರಬರಾಜು ಮಾಡುವವರಿಂದ ಪರೀಕ್ಷಾ ವರದಿಯನ್ನು ಪಡೆದು, ಮೇಲ್ಕಂಡ ಮಿತಿಗಳೊಂದಿಗೆ ಹೋಲಿಸಿ ನೋಡತಕ್ಕದ್ದು.
3. ಮಲೆನಾಡು ಹಾಗೂ ಕರಾವಳಿಯ ಆಮ್ಲೀಯ ಮಣ್ಣಿನಲ್ಲಿ ಬೆಳೆಗಳು, ವಿಶೇಷವಾಗಿ ಸೊಪ್ಪು ತರಕಾರಿಗಳು, ಕ್ಯಾಡ್ಮಿಯಂ ಅನ್ನು ಹೆಚ್ಚಾಗಿ ಹೀರಿಕೊಳ್ಳುತ್ತವೆ. ಆದ್ದರಿಂದ ಮೊದಲು ಮಣ್ಣು ಪರೀಕ್ಷೆ ಮಾಡಿಸತಕ್ಕದ್ದು.
4. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕ್ಯಾರೆಟ್ ಬೆಳೆಗಳಿಗೆ ಬಳಸದಿರುವುದು ಸೂಕ್ತ.
5. ಹರಡುವಾಗ ಕೈಗವಸು ಮತ್ತು ಬೂಟು ಧರಿಸತಕ್ಕದ್ದು; ಬಾವಿ, ಕೆರೆ, ಹಳ್ಳಗಳ ಸಮೀಪ ಹರಡಬಾರದು.

ಮಣ್ಣು ಪರೀಕ್ಷೆಯ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ.